ಓಟದ ನಡುವೆ ಕೂತುಬಿಡುತ್ತಿದ್ದ ಗೌರಿ

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೊರಟ ಹೆಂಗಸರಿಂದ ರಸ್ತೆ ತುಂಬಿತ್ತು. ಒಂದು ಮುಖವೂ ನನ್ನತ್ತ ತಿರುಗಲಿಲ್ಲ. ನಮ್ಮ ಗುಳೇದಗುಡ್ಡದಲ್ಲಿ ಹೊಸಬರನ್ನು ಕಂಡರೆ ‘ಯಾರ ಪೈಕಿ ನೀ?’ ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಒಂದು ವಾರ ಯಾರೂ ಹೆಸರು ಕೇಳಲಿಲ್ಲ. ವಾರವೋ, ಮೂರೇ ದಿನವೋ.

ಮೊದಲು ಕೇಳಿದವರು ಮನೆ ಓನರ್ ಅಜ್ಜಿ. ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ನಾಲ್ಕಂತಸ್ತಿನ ಕಟ್ಟಡ. ಅವರು ಕೊಟ್ಟ ಮುದ್ದೆಯನ್ನು ನಾನು ಜೋಳದ ರೊಟ್ಟಿಯಂತೆ ಅಗಿಯತೊಡಗಿದೆ.

“ಅಯ್ಯೋ, ಅಗೀತಾವ್ಳೆ ನೋಡು! ಅಂಗೇ ನುಂಗವ್ವ. ನರ್ಸಮ್ಮ ಅಂತೆ, ನುಂಗಕ್ಕೇ ಬರಕಿಲ್ಲ!”

ಸೋಮವಾರದಿಂದ ಮಕ್ಕಳ ಹೃದಯದ ಐಸಿಯುನಲ್ಲಿ ನನ್ನ ಡ್ಯೂಟಿ. ಅದನ್ನು ಕೇಳಿ ಪಡೆದವಳು ನಾನೇ. ಚಿಗವ್ವನ, ಅಂದರೆ ಚಿಕ್ಕಮ್ಮನ, ಮಗಳು ಗೌರಿ ಐದು ವರ್ಷದವಳಿದ್ದಾಗ ಹೃದಯದ ತೊಂದರೆಯಿಂದ ತೀರಿಕೊಂಡಳು. ಅದಕ್ಕಾಗಿಯೇ ಕೇಳಿದೆನೇ? ಹಾಗೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆ, ಅದಕ್ಕೇ ನನಗೆ ಅನುಮಾನ. ಬೇಡ ಎನ್ನುವುದಾದರೆ ಶನಿವಾರದೊಳಗೆ ಹೇಳಬೇಕು.

ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಎಳೆ ಹರಿಯಿತೆಂದು ಅಡುಗೆಮನೆಗೂ ಗೊತ್ತಾಗುತ್ತಿತ್ತು. ಐಸಿಯುನಲ್ಲಿ ತಿರುಗುಮುರುಗು, ಏನಾದರೂ ಕೆಟ್ಟಾಗಲೇ ಮಾನಿಟರ್ ಕೂಗುವುದು. ಮೌನವಾದರೆ ಈಗಲೂ ಏನೋ ಕೆಟ್ಟಿತೆಂದು ತಿರುಗಿ ನೋಡುತ್ತೇನೆ. ಮನೆಯ ಆ ಸದ್ದಿಲ್ಲದೆ ನಿದ್ದೆಯೂ ಸರಿಯಾಗಿ ಬರುವುದಿಲ್ಲ.

ತರಬೇತಿ ಕೊಡುವ ಸಿಸ್ಟರ್ ಕೇರಳದವರು. ಎಲ್ಲರಂತೆ ನಾನೂ ಅವರನ್ನು ‘ಚೇಚಿ’ ಎನ್ನುತ್ತೇನೆ. ಅವರ ಮಾತಿನಲ್ಲಿ ಅಕ್ಕ ಎಂದರ್ಥ. ಮೊನ್ನೆ ಗೊಂಬೆಯ ಮೇಲೆ ಅಭ್ಯಾಸವಿತ್ತು. ‘ಮಗು ನೀಲಿಯಾಗ್ತಿದೆ, ಏನು ಮಾಡ್ತೀಯ?’ ಎಂದರು. ಊರಲ್ಲಿ ತಲೆಸುತ್ತಿ ಬಿದ್ದವರಿಗೆ ಮಾಡುವಂತೆ ನಾನು ಗೊಂಬೆಯ ಕಾಲುಗಳನ್ನು ನೀಟಾಗಿ ಚಾಚಿ ಮಲಗಿಸಿದೆ.

“ಅಯ್ಯೋ, ಮೊಣಕಾಲು ಮಡಚು, ಎದೆಗೆ ಒತ್ತು! ಓಡಾಡೋ ಮಕ್ಕಳಾದ್ರೆ ಉಸಿರು ಸಾಲದಾಗ ತಾವೇ ಕುಕ್ಕರಗಾಲಲ್ಲಿ ಕೂತು ಸುಧಾರಿಸ್ಕೊಳ್ತಾರೆ. ಅವರಿಗೆ ಗೊತ್ತು, ಡಿಗ್ರಿ ಮಾಡಿದ ನಿಂಗೆ ಗೊತ್ತಿಲ್ಲ!”

ಪುಸ್ತಕದಲ್ಲಿ ಓದಿದ್ದೆ, ಕೈಗೆ ಬರಲಿಲ್ಲ. ಆದರೆ ಆ ಕ್ಷಣ ಗೌರಿ ಕಂಡಳು, ಅಂಗಳದಲ್ಲಿ ಓಡುತ್ತ ಓಡುತ್ತ ಹಾಗೆಯೇ ಕೂತುಬಿಟ್ಟವಳು. ‘ಮೈಗಳ್ಳಿ, ಏಳ!’ ಎಂದು ಯಾರೋ ಅವಳ ಎರಡೂ ಕೈ ಹಿಡಿದು ಎಳೆದು ನಿಲ್ಲಿಸುತ್ತಿದ್ದಾರೆ. ಆ ಕೈಗಳು ಯಾರವು? ಇದು ನೆನಪೋ, ಪಾಠ ಓದಿದ ಮೇಲೆ ನಾನೇ ಕಟ್ಟಿಕೊಂಡ ಚಿತ್ರವೋ? ನೆನಪೇ ಆಗಿದ್ದು, ಕೈಗಳು ನನ್ನವೇ ಆಗಿದ್ದರೆ, ಸೋಮವಾರ ಯಾವ ಧೈರ್ಯದಿಂದ ಇನ್ನೊಬ್ಬರ ಮಗುವನ್ನು ಮುಟ್ಟಲಿ?

ನಿನ್ನೆ ಚಿಗವ್ವನಿಗೆ ಫೋನ್ ಮಾಡಿದೆ.

“ಏನವಾ, ಈಗ ನೆನಪಾತೇನು? ಬೆಂಗಳೂರಾಕಿ ಆಗಿಬಿಟ್ಟಿ, ಮಾತೂ ಹಂಗ ಆಡ್ತಿ!”

ಇಲ್ಲಿ ನಾನು ಬಾಯಿ ತೆರೆದರೆ ‘ಆ ಕಡೆಯವರಾ?’ ಎನ್ನುತ್ತಾರೆ. ಅಲ್ಲಿಗೆ ಆಗಲೇ ಈ ಕಡೆಯವಳು. ನಕ್ಕೆ, ಆಮೇಲೆ ಕೇಳಿಬಿಟ್ಟೆ. “ತಡಿ, ಆಮ್ಯಾಲೆ ಮಾಡ್ತೇನಿ,” ಎಂದು ಚಿಗವ್ವ ಫೋನ್ ಇಟ್ಟಳು.

ಇವತ್ತು ಶನಿವಾರ. ಅವಳ ಫೋನ್ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಚಿಗವ್ವ, ಗೌರಿ ಆಡೂಮುಂದ ಕುಕ್ಕರಗಾಲಿಲೆ ಕುಂತಾಗ, ಆಕಿನ್ನ ಎಳದು ನಿಲ್ಲಸತಿದ್ದಾಕಿ ನಾನ ಏನು?”