ತಿಪ್ಪಮ್ಮತ್ತೆಯ ಹೊಲದಲ್ಲಿ ನಮ್ಮ ಮೇಕೆಗಳು ಬಿತ್ತಿದ್ದು

ಪರಶುರಾಂಪುರದ ಕಡೆ ಹೊಲದಲ್ಲಿ ಕಳೆ ಎದ್ದರೆ ಜನ ಔಷಧಿ ಅಂಗಡಿಗೆ ಹೋಗದೆ ನಮ್ಮ ಮನೆಗೆ ಬರುತ್ತಿದ್ದ ಕಾಲ ಅದು. ನಮ್ಮಲ್ಲಿ ಮೇಕೆಗಳಿದ್ದವು. ಅವುಗಳ ಮುಖಂಡ ಹೋತನ ನಾತ ಊರಿಗೆ ಅವನಿಗಿಂತ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಒಮ್ಮೆ ನಿಂತಿದ್ದ ಬಸ್ಸಿನ ಮೆಟ್ಟಿಲ ರಬ್ಬರು ತಿಂದು ಚಳ್ಳಕೆರೆಗೆ ಅರ್ಧ ಟಿಕೆಟ್ ತಗೊಂಡಿದ್ದ ಎಂದು ನಾನು ಶಾಲೆಯಲ್ಲಿ ಹೇಳಿದ್ದೆ. ಅರ್ಧ ಜನ ನಂಬಿದ್ದರು.

ಆ ಬೇಸಿಗೆ ಪಕ್ಕದ ಹೊಲದ ತಿಪ್ಪಮ್ಮತ್ತೆ ಅವ್ವನ ಹತ್ತಿರ ಬಂದಳು. ಗಂಡ ತೀರಿದ ಮೇಲೆ ಬೀಳುಬಿಟ್ಟ ಹೊಲ. ಬದುವಿನ ತುಂಬ ಕಾರೆ, ಬೋರೆಯ ಮುಳ್ಳುಪೊದೆಗಳು ಹಬ್ಬಿದ್ದವು. ಮೇಕೆ ಮೇಯಿಸಿ, ರಾತ್ರಿ ಅಲ್ಲೇ ಮಂದೆ ನಿಲ್ಲಿಸಿದರೆ ಗೊಬ್ಬರವೂ ಆಗುತ್ತದೆ, ಸುಗ್ಗಿಯಲ್ಲಿ ಒಂದು ಚೀಲ ಶೇಂಗಾ ಕೊಡುತ್ತೇನೆ ಎಂದಳು.

"ಒಂದು ಕಡ್ಡಿನೂ ಬಿಡಲ್ಲಕ್ಕ, ನೋಡ್ತಿರು" ಅಂದಳು ಅವ್ವ.

ಬಿಡಲಿಲ್ಲ. ಹೊಲ ಕ್ಷೌರ ಮಾಡಿಸಿಕೊಂಡ ತಲೆಯಂತಾಯಿತು. ಮೇವು ಮುಗಿದಾಗ ಅವ್ವ ಹಗಲು ಮೇಕೆಗಳನ್ನು ಹಳ್ಳದ ಬಳ್ಳಾರಿ ಜಾಲಿಯ ನೆರಳಿಗೆ ಹೊಡೆದಳು. ಹಳದಿ ಕಾಯಿ ರಾಶಿ ರಾಶಿ ಉದುರಿತ್ತು, ಬೆಲ್ಲದಂಥ ವಾಸನೆ. ಮೇಕೆಗಳು ಮದುವೆಮನೆಗೆ ಬಂದ ಬೀಗರಂತೆ ತಿಂದವು. ರಾತ್ರಿ ತಿಪ್ಪಮ್ಮತ್ತೆಯ ಹೊಲದಲ್ಲಿ ಹಿಕ್ಕೆ ಹಾಕಿದವು.

ಮಳೆ ಬಂತು. ಶೇಂಗಾ ಮೊಳೆಯಿತು. ಅದರ ಸಾಲಿನ ನಡುವೆ ಹಿಕ್ಕೆಯಲ್ಲಿದ್ದ ಜಾಲಿಬೀಜವೂ ಮೊಳೆಯಿತು.

"ಬಾರೇ ಗಂಗಿ, ನಿನ್ ಮೇಕೆ ಬಿತ್ತಿರೋದು ನೋಡ್ ಬಾ. ನನ್ ಶೇಂಗಾಕ್ಕಿಂತ ಚೆನ್ನಾಗೈತೆ" ಅಂತ ಅವ್ವನನ್ನು ಕರೆದಳು ತಿಪ್ಪಮ್ಮತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬೀಜದ ಖರ್ಚು ಉಳಿಯಿತಲ್ಲ ಅತ್ತೆ ಎಂದು ನಾನು ತಮಾಷೆ ಮಾಡಿದೆ. ಇಬ್ಬರೂ ನಗಲಿಲ್ಲ.

"ಬಾಯ್ ಮುಚ್ಕಂಡು ಕೀಳು" ಅಂದಳು ಅವ್ವ. ಆಗಲೇ ಮಂಡಿಯೂರಿದ್ದಳು. ಜಾಲಿಯ ಬೇರು ಅರ್ಧಕ್ಕೇ ತುಂಡಾಗುತ್ತದೆ, ಮತ್ತೆ ಚಿಗುರುತ್ತದೆ. ಇಡೀ ಮಳೆಗಾಲ ಅವಳ ಬೆರಳುಗಳು ಮುಳ್ಳು ಚುಚ್ಚಿ ಬಾತಿದ್ದವು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ನಾನು ತಲೆ ಎತ್ತದೆ ಕೀಳುತ್ತಿದ್ದೆ.

ಸುಗ್ಗಿಯಲ್ಲಿ ಬೆಳೆ ಅಷ್ಟಕ್ಕಷ್ಟೇ ಆಯಿತು. ಆದರೂ ತಿಪ್ಪಮ್ಮತ್ತೆ ಚೀಲ ಹೊತ್ತು ಬರುವುದು ಕಂಡಿತು. ಅವ್ವ ಒಳಗೆ ಹೋಗಿ, ಊರಲ್ಲಿಲ್ಲ ಅನ್ನು ಎಂದು ಪಿಸುಗುಟ್ಟಿದಳು. ಹೋತನಿಗೆ ಟಿಕೆಟ್ ಕೊಡಿಸಿದ್ದ ನನ್ನ ಬಾಯಿಂದ ಆ ಒಂದು ಸುಳ್ಳು ಹೊರಡಲಿಲ್ಲ.

ತಿಪ್ಪಮ್ಮತ್ತೆ ಚೀಲ ಇಳಿಸಿ ಬಾಗಿಲ ಕಡೆ ನೋಡಿದಳು.

"ಒಳಗದಾಳೆ ಅಂತ ಗೊತ್ತು ಬಿಡಪ್ಪ. ಮುಂದಿನ ಬ್ಯಾಸಿಗೆಗೂ ಮೇಕೆ ತರ್ಬೇಕಂತೆ ಅನ್ನು. ಜಾಲಿಕಾಯಿ ಉದುರೋಕ್ ಮುಂಚೆ ತರ್ಲಿ."

ಬಾಗಿಲ ಹಿಂದೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ತಿಪ್ಪಮ್ಮತ್ತೆ ಹೋದ ಮೇಲೂ ತುಂಬ ಹೊತ್ತು ಹೊರಗೆ ಬರಲಿಲ್ಲ.

ಈಗ ಆ ಹೊಲಗಳಲ್ಲಿ ಕಳೆ ಎದ್ದರೆ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಯಾರೋ ಬಂದು ಔಷಧಿ ಹೊಡೆದು ಹೋಗುತ್ತಾರೆ. ವಾರದಲ್ಲಿ ಎಲ್ಲ ಒಣಗುತ್ತದೆ. ಅವರ ಹೆಸರು ನನಗೆ ಗೊತ್ತಿಲ್ಲ. ಕೆಲಸ ಕೆಟ್ಟರೆ ನಾಚಿ ಬಾಗಿಲ ಹಿಂದೆ ನಿಲ್ಲುವಷ್ಟು ಅವರಿಗೆ ನಾವೇನೂ ಆಗಬೇಕಾಗಿಲ್ಲ.