ವಾಲ್ವಿನ ಮೇಲಿನ ಬಿಳಿ ಅಂಕಿ

ಮಧ್ಯಾಹ್ನದಲ್ಲೇ ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲೆ ಮಾಡಿಕೊಂಡಿದ್ದೆವು. ವಡಾಲದ ನಮ್ಮ ಬಿಲ್ಡಿಂಗಿನಲ್ಲೇ ಇರುವ ಧಾರವಾಡದ ಕಾಕಾ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಮೇಲೆ, ಹಳೇ ರೇಡಿಯೊದಲ್ಲಿರುತ್ತಿದ್ದಂಥ ಎರಡು ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪೇರುತ್ತಿದ್ದವು. ಪಕ್ಕದ ಹಳಿಯಲ್ಲಿ ಲೋಕಲ್ ರೈಲು ಹೋದಾಗಲೆಲ್ಲ ನೆಲ ನಡುಗಿ, ಕಾಕಾನಿಗಾಗಿ ನಾನು ತೆಗೆಯುತ್ತಿದ್ದ ಚಿತ್ರ ಕದಡುತ್ತಿತ್ತು. ಎರಡು ಲೋಕಲ್‌ಗಳ ನಡುವೆ ಉಸಿರು ಬಿಗಿಹಿಡಿದು ಕ್ಯಾಮೆರಾ ಒತ್ತುತ್ತಿದ್ದೆ. ಆ ಬೆಳಕಿನೊಳಗೇ ಹೋಗಿ ಮಲಗಿಬಿಡೋಣ ಅನ್ನಿಸುತ್ತಿತ್ತು.

ಅದು ಕಾಕಾ ಕಟ್ಟಿದ ಕಡೆಯ ಆಂಪ್ಲಿಫೈಯರ್. ಮರುದಿನ ಬಾಂದ್ರಾದ ಗಿರಾಕಿ ಒಯ್ಯುವವನಿದ್ದ. ವಾಲ್ವುಗಳನ್ನು ಮೀಟರಿನಲ್ಲಿ ಅಳೆದು, ಒಂದೇ ಅಳತೆ ಬಂದವನ್ನು ಜೋಡಿ ಮಾಡಿಕೊಡುತ್ತಿದ್ದವರು ಅವರ ಹೆಂಡತಿ ಕಾಕು. ಲಕ್ವಾ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಅವರ ಜೊತೆಯಿಲ್ಲದೆ ಈ ಕೆಲಸವೇ ಬೇಡವೆಂದು ಕಾಕಾ ನಿರ್ಧರಿಸಿಬಿಟ್ಟಿದ್ದರು.

ಚಿತ್ರ ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದರು.

"ಬೆಳಕೇನೋ ಚಂದ ಬಂದದ. ಆಕಿ ಬರದ ಅಂಕಿ ಎಲ್ಲಿ, ತಂಗಿ?"

ಧೂಳು ಕಂಡರೆ ನನಗೆ ಕೈ ತುರಿಸುತ್ತದೆ. ವಾಲ್ವ್ ಬೆಳಗುವ ಮೊದಲೇ ಗಾಜನ್ನು ಉಜ್ಜಿದ್ದೆ. ಮೇಲಿದ್ದ ವೈಟ್ನರಿನ ಗೀಚು ಕಲೆಯೆಂದುಕೊಂಡು ಅದನ್ನೂ ಒರೆಸಿದ್ದೆ. ಅದು ಕಾಕು ಅಳೆದು ಬರೆದಿಟ್ಟ ಅಂಕಿಯೆಂದು ಯಾರು ಹೇಳಿದ್ದರು ನನಗೆ? ಇವರು ಫೋಟೊ ತೆಗೆಸಿದ್ದೇ ಆ ಕೈಬರಹ ಉಳಿಯಲಿ ಅಂತ!

ಮೂಲೆಯ ಮಂಚದಿಂದ ಕಾಕು ಕೇಳಿದರು: "ಅಂಕಿ ಕಾಣಸ್ತಾವಿಲ್ಲೋ?"

ಹೇಳಬೇಡ ಎಂದು ಕಾಕಾ ತಲೆಯಾಡಿಸಿದರು. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. "ಒರೆಸಿಬಿಟ್ಟೆ ಕಾಕು," ಎಂದವಳೇ ಅತ್ತುಬಿಟ್ಟೆ.

"ಅಯ್ಯ, ಇಷ್ಟಕ್ಕ ಅಳ್ತಾರೇನು? ಎರಡೂ ನಲವತ್ತೆರಡು. ಮರತಿಲ್ಲ ನಾ. ವೈಟ್ನರ್ ತಾ ಇಲ್ಲೆ."

"ನಿನ್ನ ಕೈ..." ಎಂದರು ಕಾಕಾ.

"ಎಡಗೈ ಅದ ಅಲ್ಲಾ? ಅದನ್ನೇನು ಪೂಜಾಕ್ಕ ಇಟ್ಟೀನೇನು?"

ಕಾಕಾ ಸ್ವಿಚ್ ಆರಿಸಿದರು. ವಾಲ್ವುಗಳು ತಣ್ಣಗಾಗುವವರೆಗೆ ಕಾದೆವು. ಆಮೇಲೆ ಅವರು ಒಂದೊಂದನ್ನೇ ಬಿಚ್ಚಿ, ಕಾಕುವಿನ ಮುಂದೆ ಎರಡೂ ಕೈಯಲ್ಲಿ ಹಿಡಿದರು. ಕಾಕು ನಾಲಿಗೆ ಕಚ್ಚಿಕೊಂಡು ಬರೆದರು. ನಾಲ್ಕು ವಾಲಿತು, ಎರಡು ಉಬ್ಬಿತು. ಬರೆದು ಮುಗಿಯುವಷ್ಟರಲ್ಲಿ ಮೂರು ಲೋಕಲ್ ಹೋದವು. ನಾನು ಚಾದರ ಸರಿಸಿ, ಹಗಲ ಬೆಳಕಿನಲ್ಲಿ ಆ ಸೊಟ್ಟ ಅಂಕಿಗಳ ಚಿತ್ರ ತೆಗೆದೆ.

ಕಾಕಾ ಚಿತ್ರದ ಕಡೆ ನೋಡಲೇ ಇಲ್ಲ. ಬಗ್ಗಿ ಮಂಚದ ಕೆಳಗಿನಿಂದ ಒಂದು ಡಬ್ಬಿ ಎಳೆದರು. ಅದರ ತುಂಬ ಇನ್ನೂ ಅಳೆಯದ, ಅಂಕಿಯಿಲ್ಲದ ವಾಲ್ವುಗಳು. ಮೀಟರನ್ನು ತಂದು ಕಾಕುವಿನ ಎಡಗಡೆ ಇಟ್ಟರು.

"ಹಂಗಾದ್ರ ಇವನ್ನೂ ನೋಡಿಬಿಡು," ಎಂದರು.