ಹೆಬ್ಬೆರಳು ನಂಬಿ ಮುಚ್ಚಿದ ಪುಟ

ಮೊದಲು ಅಂಟಿನ ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ರಟ್ಟಿನ ಮೇಲೆ ಬಟ್ಟೆ ಅಂಟಿಸಲು ಮೈದಾ ಸಾಕು ಎನ್ನುವವರ ಮಾತು ಕೇಳಬೇಡಿ. ಆರು ತಿಂಗಳಲ್ಲಿ ಜಿರಲೆ ಬರುತ್ತವೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಸಣ್ಣ ಉರಿಯಲ್ಲಿ ಕುದಿಸಿ. ಇಳಿಸುವಾಗ ಹುಳ ಹತ್ತದ ಹಾಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ. ಒಣಗಿದರೆ ಹಲಗೆಯಂತೆ ಗಟ್ಟಿ. ನಾವು ಮೂವರು ಹೆಂಗಸರು ಸೇರಿ ಮಾಡಿದ ಪುಸ್ತಕ ಈ ಅಂಟಿನಿಂದಲೇ ಇನ್ನೂ ನನ್ನ ಹತ್ತಿರ ಉಳಿದಿದೆ.

ಅದರಲ್ಲಿ ಒಂದು ಪುಟ ಮಾತ್ರ ಹಾಳಾಗಿದೆ. ದೇವದುರ್ಗಕ್ಕೆ ಕೊಟ್ಟಿದ್ದ ನನ್ನ ತಂಗಿ ಆ ಪುಟದಲ್ಲಿ ನನ್ನನ್ನು ಒಂದು ಮಾತು ಕೇಳಿದ್ದಳು. ರಾಯಚೂರಿನಲ್ಲಿ ಒಂದು ವರ್ಷ ಇದ್ದು ಹೊಲಿಗೆ ಟೀಚರ್ ತರಬೇತಿ ಮಾಡಬೇಕು, ನೀನು ಬಂದು ಮಾವನ ಹತ್ತಿರ ಮಾತಾಡು ಎಂದು. ನಾನು ಓದದೆ ಅದರ ಮೇಲೆ ಬಟ್ಟೆ ಅಂಟಿಸಿದೆ.

ನನ್ನದು ಕಟ್‌ಪೀಸ್ ವ್ಯಾಪಾರ. ಅಪ್ಪ ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಒಂದು ಬಟ್ಟೆಗಂಟು, ನಾನು, ಶಾಲೆಗೆ ಹೋಗುವ ತಂಗಿ. ಗಂಟು ನನ್ನ ತಲೆಗೇರಿತು. ಮಾನ್ವಿ ಸಂತೆ, ದೇವದುರ್ಗ ಸಂತೆ, ಉಳಿದ ದಿನ ರಾಯಚೂರಿನ ಬಜಾರಿನಲ್ಲಿ ಒಂದು ಕಟ್ಟೆ. ಎಪ್ಪತ್ತೈದು ಎಪ್ಪತ್ತಾರರ ಹೊತ್ತಿಗೆ ಕಟ್ಟೆ ಹೋಗಿ ನಾಲ್ಕು ಮೊಳದ ಅಂಗಡಿಯಾಯಿತು. ಬಟ್ಟೆಯನ್ನು ನಾನು ಕಣ್ಣಿನಿಂದ ನೋಡುವವಳಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ನೂಲು ಎಂಥದು, ಗಂಜಿ ಎಷ್ಟು ಕುಡಿಸಿದ್ದಾರೆ, ಎರಡನೇ ಒಗೆತಕ್ಕೆ ಎಷ್ಟು ಕುಗ್ಗುತ್ತದೆ, ಎಲ್ಲ ಹೇಳುತ್ತಿದ್ದೆ. ಬಣ್ಣ ತೋರಿಸಿ ಮರುಳು ಮಾಡುವ ಏಜೆಂಟರು ಎದುರು ಕುಳಿತಾಗ ಬೇಕೆಂದೇ ಬೇರೆ ಕಡೆ ನೋಡುತ್ತ ಬೆರಳಾಡಿಸುತ್ತಿದ್ದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಇದನ್ನು ನಾನು ಇವತ್ತಿಗೂ ಕಲಿಸುತ್ತೇನೆ. ಆದರೆ ಇದು ಬಟ್ಟೆಗಷ್ಟೇ ಎಂದು ಸೇರಿಸಿ ಹೇಳುತ್ತೇನೆ.

ತಂಗಿಯ ಮದುವೆ ಕುದುರಿಸಿದವಳೂ ನಾನೇ. ದೇವದುರ್ಗದಲ್ಲಿ ಹಿಟ್ಟಿನ ಗಿರಣಿ ಇದ್ದ ಮನೆ, ಹುಡುಗ ಮೆತ್ತಗಿನವನು, ಮಾವ ಜೋರು. ಆ ಮಾವನ ಎದುರು ಕುಳಿತು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡಿ, ಅವರು ಕೇಳಿದ್ದರಲ್ಲಿ ಅರ್ಧ ಇಳಿಸಿದೆ. ಇಳಿಸುವಾಗ, ನಮ್ಮ ಹುಡುಗಿ ಆಮೇಲೆ ಏನನ್ನೂ ಕೇಳುವವಳಲ್ಲ, ಕೊಟ್ಟ ಮನೆಯಲ್ಲೇ ಇರುತ್ತಾಳೆ ಎಂದು ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದೆ. ಬಾಗಿಲ ಹಿಂದೆ ನಿಂತು ಅವಳು ಕೇಳಿಸಿಕೊಂಡಿದ್ದಳು.

ಪುಸ್ತಕ ಶುರುವಾದದ್ದು ಮದುವೆಯ ಮರುವರ್ಷ, ಪಂಚಮಿಗೆ ಅವಳು ತವರಿಗೆ ಬಂದಾಗ. ಮಿಲ್ಲಿನವರು ಕೊಡುವ ಸ್ಯಾಂಪಲ್ ಪುಸ್ತಕ ನಿಮಗೆ ಗೊತ್ತಿರಬಹುದು. ದಪ್ಪ ರಟ್ಟಿನ ಹಾಳೆ, ಪ್ರತಿ ಹಾಳೆಗೂ ಬಟ್ಟೆಯ ಚೂರು. ಹಂಗಾಮು ಮುಗಿದರೆ ಅದು ಯಾರಿಗೂ ಬೇಡ. ಅಂಥದೊಂದರ ಚೂರುಗಳನ್ನು ಕಿತ್ತು ತಂಗಿ ಅದರಲ್ಲಿ ಏನೇನೋ ಅಂಟಿಸುತ್ತ ಕುಳಿತಿದ್ದಳು. ಜಿನ್ನಿಂಗ್ ಮಿಲ್ಲಿನ ಅರಳೆ, ಅದರ ಮೇಲೆ ಗೋಣಿತಾಟಿನ ಎಳೆ, ಅದರ ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ಅಂಚು. ಕೌದಿಯಲ್ಲಿ ಹಳೆ ಸೀರೆ ಒಂದರ ಮೇಲೊಂದು ಹಾಸಿ ಹೊಲಿಯುವುದಿಲ್ಲವೇ, ಹಾಗೆ. ರಟ್ಟಿಗೆ ದಬ್ಬಣ ಚುಚ್ಚಿ ಕೌದಿ ಹೊಲಿಗೆಯನ್ನೇ ಹಾಕಿದ್ದಳು.

ಅವತ್ತು ನಾವು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಮಾನ್ವಿಯ ಹೆಂಗಸು ಲೇಸು ಕೊಳ್ಳಲು ಬಂದಿದ್ದರು. ಅವರು ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸು, ಸಲ್ವಾರು ಹೊಲಿಯುತ್ತಿದ್ದವರು, ನನಗಿಂತ ಹತ್ತು ವರ್ಷ ದೊಡ್ಡವರು, ನನ್ನ ಖಾಯಂ ಗಿರಾಕಿ. ಪುಸ್ತಕ ನೋಡಿ ಚೀಲದಿಂದ ಒಂದು ಜರಿ ತುಂಡು ತೆಗೆದು ಅಂಚಿನ ಪಕ್ಕ ಅಂಟಿಸಿಯೇಬಿಟ್ಟರು. ತಂಗಿ ತಟ್ಟನೆ ಕಿತ್ತಳು.

"ಯಾಕ ಕಿತ್ತಿ?"

"ಚಂದ ಕಾಣಂಗಿಲ್ಲ ಆಪಾ. ಶಾದಿ ಮನಿ ಪರದೆ ಆದಂಗ ಆತು."

"ನಿಂದೇನು ಕಮ್ಮಿ? ಗೋಣಿತಾಟು, ಹತ್ತಿ. ಗೋದಾಮು ಆದಂಗ ಅದ."

ಇಬ್ಬರೂ ನನ್ನ ಕಡೆ ತಿರುಗಿದರು. ಜಗಳ ಬಿಡಿಸುವುದು ನನಗೆ ಹೊಸದಲ್ಲ. "ನೋಡ್ರಿ, ಒಂದು ಕರಾರು ಮಾಡ್ಕೊಳ್ರಿ," ಎಂದೆ. "ಒಬ್ಬರು ಹಚ್ಚಿದ್ದು ಇನ್ನೊಬ್ಬರು ಕೀಳಬಾರದು. ಬೇಕಿದ್ದರ ಅದರ ಮ್ಯಾಲ ಮತ್ತೊಂದು ಹಚ್ಚಬೇಕು. ಮ್ಯಾಲಿಂದು ಹಚ್ಚಿದಾಕಿದು ಕಡೀ ಮಾತು."

ಈ ಕರಾರು ಮಾಡಿದವಳು ನಾನು ಎಂಬುದನ್ನು ಮರೆಯಬೇಡಿ.

ಹೀಗೆ ಪುಸ್ತಕ ಮೂವರದಾಯಿತು. ನಾನು ಸಂತೆಗೆ ಹೋಗುವಾಗ ಗಂಟಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಮಾನ್ವಿಯಲ್ಲಿ ಆಪಾ ಒಂದು ವಾರ ಇಟ್ಟುಕೊಂಡು, ರೈಸ್ ಮಿಲ್ಲಿನ ಹೊಟ್ಟು ಜರಡಿ ಹಿಡಿದು ಅಂಟಿನ ಮೇಲೆ ಉದುರಿಸುತ್ತಿದ್ದರು. ಬೀಡಿ ಎಲೆ, ಸಿಗರೇಟು ಪೊಟ್ಟಣದ ಬೆಳ್ಳಿಹಾಳೆ, ಮುರಿದ ಬಳೆ. ದೇವದುರ್ಗದಲ್ಲಿ ತಂಗಿ ಶೇಂಗಾ ಸಿಪ್ಪೆ, ಗಿರಣಿಯ ಹರಿದ ಬೆಲ್ಟಿನ ತುಂಡು ಹೊಲಿಯುತ್ತಿದ್ದಳು. ನಾನು ಸುಗೂರೇಶ್ವರನ ಗುಡಿಗೆ ಹೋದಾಗ ಹೊಳೆಯ ಮರಳು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಂದು ಪುಟದ ತುಂಬ ಹಾಸಿದೆ. ಹಳೆ ಪತ್ರಿಕೆ, ಹಳೆ ಪತ್ರ, ಬಸ್ಸಿನ ಟಿಕೀಟು, ಏನು ಸಿಕ್ಕರೂ ಅಂಟಿಸುತ್ತಿದ್ದೆವು. ಅಕ್ಷರವಿದ್ದರೆ ಅದು ಬರಿ ಕಪ್ಪು ಬಣ್ಣ, ಓದುವುದಕ್ಕೆ ಯಾರೂ ಇಡುತ್ತಿರಲಿಲ್ಲ. ದಪ್ಪವಾದಷ್ಟೂ ನನಗೆ ಸಂತೋಷ. ಪುಟದ ಮೇಲೆ ಬೆರಳಾಡಿಸಿ, ಇದು ಗಟ್ಟಿ, ಇದು ಪೊಳ್ಳು ಎಂದು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದೆ.

ತಂಗಿಯನ್ನು ನಾನು ಒಂಟಿಯಾಗಿ ಕಂಡದ್ದು ಕಡಿಮೆ. ಸಂತೆಗೆ ಅತ್ತೆಯ ಜೊತೆ ಬರುತ್ತಿದ್ದಳು. ನಾನು ಮನೆಗೆ ಹೋದರೆ ಪಡಸಾಲೆಯಲ್ಲಿ ಮಾವ ಕುಳಿತಿರುತ್ತಿದ್ದರು. ಅವರು ಕೆಟ್ಟವರಲ್ಲ, ಆದರೆ ಅವರಿದ್ದಲ್ಲಿ ಸೊಸೆ ಬಾಯಿ ಬಿಡುವ ರೂಢಿ ಇರಲಿಲ್ಲ. ಪುಸ್ತಕದ ಮೇಲೆ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. "ಹುಡುಗರ ಆಟ," ಎಂದು ಅತ್ತೆ ನಗುತ್ತಿದ್ದರು.

ಮೂರನೆಯ ವರ್ಷದ ಚಳಿಗಾಲ. ಮಾನ್ವಿಯಿಂದ ಪುಸ್ತಕ ತಂದು ದೇವದುರ್ಗಕ್ಕೆ ಮುಟ್ಟಿಸಿದೆ. ಎರಡು ವಾರ ಬಿಟ್ಟು ವಾಪಸು ತಂದೆ. ಅಂಗಡಿಯಲ್ಲಿ ಒಬ್ಬಳು ಗಿರಾಕಿ ಲಂಗದ ಬಟ್ಟೆಯ ಬೆಲೆಗೆ ಜಗ್ಗಾಡುತ್ತ ಕುಳಿತಿದ್ದಳು. ಅವಳ ಜೊತೆ ಮಾತಾಡುತ್ತಲೇ ನಾನು ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ತಂಗಿಯ ಹೊಸ ಪುಟದ ಮೇಲೆ ಹೆಬ್ಬೆರಳು ಆಡಿಸಿದೆ. ತೆಳು. ಎರಡು ಕಾಗದ, ಮೇಲೊಂದು ಜಾಳು ವಾಯ್ಲಿನ ಚೂರು, ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ. ಅಷ್ಟೇ. ಈ ಹುಡುಗಿಗೆ ಸೋಮಾರಿತನ ಬಂತು ಎಂದುಕೊಂಡೆ. ವಾಯ್ಲಿನ ಕೆಳಗೆ ಅಕ್ಷರ ಇದ್ದದ್ದು ಕಣ್ಣಂಚಿಗೆ ಬಿದ್ದಿತ್ತು; ಆ ಬಗ್ಗೆ ಸುಳ್ಳು ಹೇಳಲಾರೆ. ಡಬ್ಬಿಯಿಂದ ಅಂಟು ತೆಗೆದು ಪುಟದ ತುಂಬ ಬಳಿದು, ದಪ್ಪನೆಯ ಖಾದಿ ತುಂಡೊಂದನ್ನು ಒತ್ತಿ ಕೂರಿಸಿ, ಮೇಲೆ ಅಳತೆಯ ಕಬ್ಬಿಣದ ಗಜ ಹೇರಿದೆ. ಲಂಗದ ಬಟ್ಟೆ ನನ್ನ ಬೆಲೆಗೇ ಹೋಯಿತು.

ಮುಂದಿನ ಸಂತೆಯಲ್ಲಿ ತಂಗಿ ಪುಸ್ತಕ ತೆಗೆದುಕೊಂಡು, ಆ ಪುಟ ತೆರೆದು, ಖಾದಿಯ ಮೇಲೆ ಅಂಗೈ ಇಟ್ಟಳು. ಪಕ್ಕದಲ್ಲಿ ಅತ್ತೆ ಸೆರಗಿನ ಬಟ್ಟೆ ಆರಿಸುತ್ತಿದ್ದರು.

"ನೋಡಿದೇನಕ್ಕಾ?"

"ನೋಡಿದೆ."

"ಪೂರಾ?"

"ಪೂರಾ ನೋಡೀನವ್ವ. ನೋಡದ ಹಚ್ಚತೀನೇನು?"

ಗಿರಾಕಿಗಳಿಗೆ ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಅವಳ ಮುಖ ಅರಳಿತು. ನನ್ನ ಕೈಕೆಲಸ ಮೆಚ್ಚಿ ಎಂದುಕೊಂಡೆ.

ಅವಳು ಕಾದಳು. ಅಕ್ಕ ಓದಿದ್ದಾಳೆ, ಮನೆಯವರ ಕಣ್ಣಿಗೆ ಬೀಳಬಾರದೆಂದು ಮುಚ್ಚಿದ್ದಾಳೆ, ಇವತ್ತಲ್ಲ ನಾಳೆ ಬಂದು ಮಾವನ ಎದುರು ಕೂರುತ್ತಾಳೆ ಎಂದು. ಅರ್ಜಿಯ ಕೊನೆ ದಿನ ಬರುವಷ್ಟರಲ್ಲಿ ನಾನು ಎರಡು ಸಲ ಅವರ ಮನೆಗೆ ಹೋಗಿದ್ದೆ. ಮಾವನ ಎದುರು ಕುಳಿತು ಚಹಾ ಕುಡಿದು, ಗಿರಣಿಯ ಕರೆಂಟಿನ ಬಗ್ಗೆ ಸಲಹೆ ಕೊಟ್ಟು ಎದ್ದುಬಂದೆ. ಅವಳು ಒಳಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ಪುಸ್ತಕ ಏನೂ ಹೊಸದಿಲ್ಲದೆ ಬರತೊಡಗಿತು. ಕೇಳಿದರೆ, "ಕಣ್ಣು ನೋಯ್ತಾವಕ್ಕ," ಎಂದಳು. ಗಜ್ಜರಿ ತಿನ್ನು ಎಂದು ಹೇಳಿ ಒಂದು ಚೀಲ ಗಜ್ಜರಿಯನ್ನೇ ಕಳಿಸಿದೆ. ಆ ವರ್ಷ ಪಂಚಮಿಗೂ ಬರಲಿಲ್ಲ.

ಪಂಚಮಿ ಮುಗಿದ ಮೇಲೆ ಮಾನ್ವಿಯಲ್ಲಿ ಆಪಾ ಮಷಿನ್ ತುಳಿಯುತ್ತಲೇ ಕೇಳಿದರು: "ತಂಗಿ ಟ್ರೈನಿಂಗು ಹೆಂಗ ನಡದದ?"

"ಯಾವ ಟ್ರೈನಿಂಗು?"

ಮಷಿನ್ ನಿಂತಿತು. "ಟೀಚರ್ದು. ಪೇಪರಿನ್ಯಾಗ ಬಂದಿತ್ತಲ್ಲ. ನಾನೇ ಕತ್ತರಿಸಿ ಪುಸ್ತಕದಾಗ ಇಟ್ಟು ಕಳಿಸಿದ್ದೆ. ನೀನೇ ಒಯ್ದಿದಿ."

"ನನಗ್ಯಾಕ ಹೇಳಲಿಲ್ಲ ಆಪಾ?"

"ಹ್ವಾದ ವರ್ಷ ಪಂಚಮಿಗೆ ಬಂದಾಗ ಆಕಿನೇ, ಪೇಪರಿನ್ಯಾಗ ಬಂದರ ಕಳಸ್ರಿ, ಅಕ್ಕಗ ಹೇಳಬ್ಯಾಡ್ರಿ ಅಂದಿದ್ಲು. ನಾನಽ ಅಕ್ಕಗ ಕೇಳ್ತೀನಿ, ಬಾಯಿಲೆ ಆಗಂಗಿಲ್ಲ, ಬರದು ಹಚ್ಚತೀನಿ ಅಂದ್ಲು. ಅರೇ, ನೀ ಓದಲಿಲ್ಲೇನು?"

ಪುಸ್ತಕ ಗಂಟಿನಲ್ಲೇ ಇತ್ತು. ಆಪಾ ಖಾದಿಯ ಮೂಲೆ ಎತ್ತಲು ನೋಡಿದರು, ಬರಲಿಲ್ಲ. ಕರಾರು ಮುರಿಯುತ್ತಿದ್ದೇವೆ ಎಂದು ಇಬ್ಬರಿಗೂ ನೆನಪಾಗಲಿಲ್ಲ. ಕುದಿಯುವ ನೀರಿನ ಆವಿ ಹಿಡಿದರು, ಒದ್ದೆ ಬಟ್ಟೆ ಹಾಸಿದರು. ನೀರು ಬಿದ್ದರೆ ಈ ಅಂಟು ಮೆತ್ತಗಾಗುತ್ತದೆ, ಆದರೆ ಪೆನ್ನಿನ ಶಾಯಿಯೂ ಓಡುತ್ತದೆ. ನಾನು ಜೋರಾಗಿ ಎಳೆದೆ. ಖಾದಿಯ ಜೊತೆ ವಾಯ್ಲು ಬಂತು, ವಾಯ್ಲಿನ ಜೊತೆ ಪತ್ರದ ಅರ್ಧ ಬಂತು. ಪತ್ರಿಕೆಯ ಚೂರು ಮಾತ್ರ ಹಾಗೇ ಉಳಿಯಿತು: ಹೊಲಿಗೆ ಶಿಕ್ಷಕಿಯರ ತರಬೇತಿ, ಕೊನೆಯ ದಿನಾಂಕ, ವಯಸ್ಸು ಇಪ್ಪತ್ತೈದು ಮೀರಿರಬಾರದು. ಪತ್ರದಲ್ಲಿ ನೀಲಿ ನೀರಿನ ನಡುವೆ ಒಂದೆರಡು ಸಾಲು. 'ಕೊಟ್ಟ ಮಾತು ನಿನ್ನದು, ನೀನೇ ಬಂದು ಬಿಡಿಸಬೇಕು. ನಿನಗಾದರೆ ಅವರು ಇಲ್ಲ ಅನ್ನುವುದಿಲ್ಲ.'

ಅವಳಿಗೆ ಆಗಲೇ ಇಪ್ಪತ್ತಾರು ನಡೆಯುತ್ತಿತ್ತು. ಆಪಾ ಬೆರಳ ಮೇಲೆ ಲೆಕ್ಕ ಹಾಕಿ ಪುಸ್ತಕ ಮುಚ್ಚಿದರು.

ಮರುದಿನವೇ ದೇವದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಕಲ್ಮಲ ದಾಟುವ ತನಕ ಮಾತು ಜೋಡಿಸಿಕೊಂಡೆ. ವಯಸ್ಸಿಗೆ ಎಲ್ಲಿಯಾದರೂ ಸಡಿಲಿಕೆ ಸಿಕ್ಕೀತು, ಮೊದಲು ಮಾವನನ್ನು ಒಪ್ಪಿಸಬೇಕು ಎಂದು. ಅವರು ಎಲ್ಲಿ ಗಟ್ಟಿ ಹಿಡಿಯುತ್ತಾರೆ, ನಾನು ಎಲ್ಲಿ ಬಿಡಬೇಕು ಎಂದು. ಪಡಸಾಲೆಯಲ್ಲಿ ಕುಳಿತು ತರಬೇತಿಯ ವಿಷಯ ಎತ್ತಿದೆ. ಅವರು ತಲೆಯ ಹಿಟ್ಟು ಕೊಡವಿಕೊಳ್ಳುತ್ತ ಕೇಳಿದರು.

"ಇಷ್ಟಽ ಏನ್ರಿ? ಒಂದು ವರ್ಷ ನಿಮ್ಮ ಮನ್ಯಾಗ ಇದ್ದು ಕಲಿತು ಬಂದರ ನಮಗೇನು ಹೋತು? ಇಲ್ಲೇ ಊರಾಗ ನೌಕರಿ ಸಿಕ್ಕಿದ್ದರ ಚಲೋ ಆಗ್ತಿತ್ತು. ಹ್ವಾದ ವರ್ಷ ಒಂದು ಮಾತು ಕೇಳಿದ್ದರ ನಾನೇ ಬಸ್ಸು ಹತ್ತಿಸಿ ಕಳಿಸ್ತಿದ್ದೆ."

ನನ್ನ ಜೀವನದಲ್ಲಿ ಅಷ್ಟು ಸಲೀಸಾದ ವ್ಯಾಪಾರ ಇನ್ನೊಂದಿಲ್ಲ. ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲೇ ಉಳಿಯಿತು. ವಯಸ್ಸಿನ ಸಡಿಲಿಕೆಗೆ ಆಮೇಲೆ ರಾಯಚೂರಿನಲ್ಲಿ ನಾಲ್ಕು ಕಡೆ ತಿರುಗಿದೆ, ಎಲ್ಲಿಯೂ ಆಗಲಿಲ್ಲ.

ಅವತ್ತು ಮಾವನೇ ಸೊಸೆಯನ್ನು ಕರೆದು, ಅಕ್ಕನನ್ನು ಸ್ಟ್ಯಾಂಡಿನ ತನಕ ಬಿಟ್ಟು ಬಾ ಎಂದರು. ಮದುವೆಯಾದ ಮೇಲೆ ನಾವಿಬ್ಬರೇ ದೇವದುರ್ಗದ ದಾರಿಯಲ್ಲಿ ನಡೆದದ್ದು ಅದೇ ಮೊದಲು. ಬೇವಿನ ಗಿಡದ ಕೆಳಗೆ ನಿಂತು ನಾನು ನಡೆದದ್ದನ್ನೆಲ್ಲ ಹೇಳಿದೆ. ಓದಿರಲಿಲ್ಲ, ನೋಡಿದೆ ಎಂದದ್ದು ಸುಳ್ಳು, ಬೆರಳಿಗೆ ತೆಳು ಅನ್ನಿಸಿತು, ಮುಚ್ಚಿಬಿಟ್ಟೆ ಎಂದು. ಹೇಳಿದರೆ ಅವಳ ಮನಸ್ಸು ಹಗುರಾದೀತು, ಅಕ್ಕ ಬೇಕೆಂದು ಮಾಡಲಿಲ್ಲ ಎಂದು ತಿಳಿದೀತು ಎಂಬುದು ನನ್ನ ಎಣಿಕೆ.

ಅವಳು ರಸ್ತೆ ನೋಡುತ್ತಲೇ ಮಾತಾಡಿದಳು.

"ಅರ್ಜಿ ಕಡೀ ದಿನ ದಾಟಿದ ಮ್ಯಾಲ ನಾ ಏನಂತ ತಿಳಕೊಂಡಿದ್ದೆ ಗೊತ್ತದೇನು? ಅಕ್ಕ ಓದ್ಯಾಳ, ಭಾಳ ವಿಚಾರ ಮಾಡ್ಯಾಳ, ಬ್ಯಾಡ ಅಂತ ಮುಚ್ಯಾಳ ಅಂತ. ನಿನ್ನ ಲೆಕ್ಕ ತಪ್ಪಂಗಿಲ್ಲಲ್ಲ. ಏನರೆ ಕಾರಣ ಇರಬೇಕು ಅಂತ ನಾನೂ ಮನಸು ಗಟ್ಟಿ ಮಾಡ್ಕೊಂಡಿದ್ದೆ."

"ತಪ್ಪಾತವ್ವ."

"ಹಂಗ ತಿಳಕೊಂಡಿದ್ದಽ ಚಲೋ ಇತ್ತಕ್ಕ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇದನ್ನ ಹೇಳಬಾರದಿತ್ತು ನೀನು."

ರಾಯಚೂರಿನ ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಹಿಡಿದು ಹೊರಗೆ ನೋಡಿದೆ. ಅವಳು ಆಗಲೇ ಮನೆಯ ಕಡೆ ತಿರುಗಿ ನಡೆಯುತ್ತಿದ್ದಳು.